ಡ್ರಾಯರ್‌ನಲ್ಲಿಟ್ಟ ಬ್ರೇಕ್ ಪೈಪು

ಕಳೆದ ತಿಂಗಳು ಒಂದು ಶನಿವಾರ ನಮ್ಮ ಗರಾಜಿನ ನೆಲದ ಮೇಲೆ ಒಂದು ಹನಿ ಬಿತ್ತು.

ದೊಡ್ಡ ಹನಿಯೇನಲ್ಲ. ಒಗ್ಗರಣೆಗೆ ಎಣ್ಣೆ ಹಾಕಿದ ಮೇಲೆ ಸೌಟಿನ ತುದಿಯಲ್ಲಿ ಉಳಿದು ಜಾರುತ್ತದಲ್ಲ, ಅಷ್ಟು. ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಬಿದ್ದು, ಕಾಸಿನಗಲ ಹರಡಿ, ಸುಮ್ಮನಾಯಿತು. ಗರಾಜಿನಲ್ಲಿ ಮೂರು ಜನ ಇದ್ದೆವು. ಮೂವರೂ ನೋಡಿದೆವು. ಅದು ಯಾರು ಮಾಡಿದ ಪೈಪಿನಿಂದ ಬಿದ್ದ ಹನಿ ಅಂತ ಮೂವರಿಗೂ ಗೊತ್ತಿತ್ತು. ಮೂವರಲ್ಲಿ ಇಬ್ಬರಿಗೆ ತಪ್ಪಾಗಿ ಗೊತ್ತಿತ್ತು.

ಸರಿಯಾಗಿ ಗೊತ್ತಿದ್ದವಳು ನಾನೊಬ್ಬಳೇ. ನಾನು ಬಾಯಿ ಬಿಡಲಿಲ್ಲ.

ಈ ಅಂಕಣವನ್ನು ತಪ್ಪದೆ ಓದುವ ಕೆಲವರಿಗೆ ನೆನಪಿರಬಹುದು, ಓಲ್ಡ್ ಬ್ರಿಡ್ಜ್ ಎಂಬ ಊರಿನ ನಮ್ಮ ಮನೆಯ ಗರಾಜಿನಲ್ಲಿ ನಾನು ಒಂದು ಕಾರು ಕಟ್ಟುತ್ತಿದ್ದೇನೆ. ಕಿಟ್ ಕಾರ್ ಅನ್ನುತ್ತಾರೆ. ಚಾಸಿ (ಅಂದರೆ ಕಾರಿನ ಅಸ್ಥಿಪಂಜರ), ಚಕ್ರ, ಸ್ಟೀರಿಂಗು, ಲೆಕ್ಕವಿಲ್ಲದಷ್ಟು ಬೋಲ್ಟು, ಎಲ್ಲ ಪೆಟ್ಟಿಗೆಗಳಲ್ಲಿ ಮನೆ ಬಾಗಿಲಿಗೆ ಬರುತ್ತವೆ. ಜೋಡಿಸಿಕೊಳ್ಳುವುದು ನಮ್ಮ ಹಣೆಬರಹ. ಎರಡೇ ಸೀಟು. ಮೇಲೆ ಛಾವಣಿ ಇಲ್ಲ. (ನ್ಯೂಜೆರ್ಸಿಯಲ್ಲಿ ಛಾವಣಿ ಇಲ್ಲದ ಕಾರಿನಲ್ಲಿ ಹಾಯಾಗಿ ಓಡಾಡುವಂಥ ದಿನಗಳು ವರ್ಷಕ್ಕೆ ಎಷ್ಟು ಸಿಗುತ್ತವೆ ಅಂತ ಕೇಳಬೇಡಿ. ನನ್ನ ಗಂಡ ಶ್ರೀಕಾಂತ ಆಗಲೇ ಕೇಳಿದ್ದಾನೆ.)

ಮನೆಗೆ ಬಂದವರನ್ನು ಗರಾಜಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಅವರು ಒಂದು ಸುತ್ತು ಹಾಕುತ್ತಾರೆ, ತಲೆದೂಗುತ್ತಾರೆ, ಶ್ರೀಕಾಂತನ ಕೈ ಕುಲುಕಿ ಕಂಗ್ರಾಜುಲೇಷನ್ಸ್ ಹೇಳುತ್ತಾರೆ. ಶ್ರೀಕಾಂತ ಥ್ಯಾಂಕ್ಸ್ ಅನ್ನುತ್ತಾನೆ. ಅವನಿಗೆ ಸ್ಪ್ಯಾನರ್ ಯಾವ ಕಡೆ ಹಿಡಿಯಬೇಕು ಅಂತ ಗೊತ್ತಿಲ್ಲ.

ಇಡೀ ಕಾರಿನಲ್ಲಿ ನನ್ನನ್ನು ಹೆದರಿಸಿದ ಕೆಲಸ ಅಂದರೆ ಎಂಜಿನ್ ಅಲ್ಲ, ಬ್ರೇಕ್ ಪೈಪು. ಎಂಜಿನ್ ಕೈಕೊಟ್ಟರೆ ಕಾರು ನಿಲ್ಲುತ್ತದೆ. ಬ್ರೇಕ್ ಕೈಕೊಟ್ಟರೆ ನಿಲ್ಲುವುದಿಲ್ಲ.

ನೀವು ಪೆಡಲ್ ಒತ್ತಿದಾಗ ಚಕ್ರದವರೆಗೆ ಹೋಗುವುದು ಬ್ರೇಕ್ ಆಯಿಲ್‌ನ ಒತ್ತಡ. ಅದು ಹೋಗುವ ದಾರಿ ಈ ಪೈಪು. ಪೆನ್ಸಿಲ್‌ಗಿಂತ ತೆಳ್ಳಗೆ ಇರುತ್ತದೆ, ತಾಮ್ರ ಬೆರೆತ ಲೋಹ, ಸುರುಳಿಯಾಗಿ ಬರುತ್ತದೆ. ಅದನ್ನು ನೇರ ಮಾಡಿ, ಅಳತೆಗೆ ಕತ್ತರಿಸಿ, ಚಾಸಿಯ ಅಂಕುಡೊಂಕಿಗೆ ತಕ್ಕ ಹಾಗೆ ಬಗ್ಗಿಸಬೇಕು. ಮೊದಲು ಬಟ್ಟೆ ಹ್ಯಾಂಗರ್‌ನ ತಂತಿ ಬಗ್ಗಿಸಿ ಮಾದರಿ ಮಾಡಿಕೊಳ್ಳುವುದು, ಆಮೇಲೆ ಅದನ್ನು ನೋಡಿಕೊಂಡು ಪೈಪು. (ಶ್ರೀಕಾಂತನ ಶರ್ಟುಗಳು ಈಗ ಬಾಗಿಲಿನ ಹಿಡಿಕೆಗೆ ನೇತಾಡುತ್ತಿವೆ.)

ಕಷ್ಟ ಇರುವುದು ತುದಿಯಲ್ಲಿ. ಕತ್ತರಿಸಿದ ತುದಿಯನ್ನು ಒಂದು ಸಣ್ಣ ಟೂಲ್‌ನಲ್ಲಿ ಸಿಕ್ಕಿಸಿ, ತಿರುಪು ತಿರುಗಿಸಿ, ಗಂಟೆಯ ಬಾಯಿಯ ಹಾಗೆ ಅಗಲ ಮಾಡಬೇಕು. ಆಮೇಲೆ ಆ ಅಂಚನ್ನು, ಸೀರೆಯ ಅಂಚು ಮಡಿಸಿ ಹೊಲಿಯುತ್ತೇವಲ್ಲ ಹಾಗೆ, ಒಳಕ್ಕೆ ಇನ್ನೊಂದು ಮಡಿಕೆ ಮಡಿಸಬೇಕು. ಇದಕ್ಕೆ ಫ್ಲೇರ್ ಅನ್ನುತ್ತಾರೆ. ನಟ್ಟು ಬಿಗಿ ಮಾಡಿದಾಗ ಈ ಮಡಿಕೆ ಒತ್ತಿಕೊಂಡು ಕೂತು ಆಯಿಲ್ ಹೊರಗೆ ಬರದ ಹಾಗೆ ಹಿಡಿಯುತ್ತದೆ. ವಾಷರ್ ಇಲ್ಲ, ಗೋಂದು ಇಲ್ಲ. ನನ್ನ ಕಾರಿಗೆ ಇಂಥ ಆರು ಪೈಪು, ಹನ್ನೆರಡು ತುದಿ.

ಐದು ಪೈಪು ನಾನೇ ಮಾಡಿದೆ. ಆರನೆಯದನ್ನು ಮಾಡುವ ಹೊತ್ತಿಗೆ ಬಡಿಗೇರ ಅಂಕಲ್ ಬಂದರು.

ಅಂಕಲ್ ನನ್ನ ಗೆಳತಿ ರೇಖಾಳ ತಂದೆ. ಹುಬ್ಬಳ್ಳಿಯವರು. ಅಲ್ಲಿನ ಒಂದು ಬಸ್ ಡಿಪೋದಲ್ಲಿ ಬ್ರೇಕ್ ಸೆಕ್ಷನ್ನಿನಲ್ಲಿದ್ದು ರಿಟೈರ್ ಆದವರು. ಹೆಂಡತಿ ತೀರಿಕೊಂಡ ಮೇಲೆ ವೆಸ್ಟ್ ವಿಂಡ್ಸರ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ವಯಸ್ಸು ಎಪ್ಪತ್ತೆಂಟು. ಮಂಡಿ ಬಗ್ಗುವುದಿಲ್ಲ. ಬಲಗೈ ನಡುಗುತ್ತದೆ. ರೇಖಾ ದಿನಾ ನ್ಯೂಯಾರ್ಕ್‌ಗೆ ಕಮ್ಯೂಟ್ ಮಾಡುವವಳು. ಒಂದು ದಿನ ಫೋನ್ ಮಾಡಿ, "ನಮ್ಮಪ್ಪಾರಿಗೆ ನಿನ್ನ ಕಾರಿನ ಸುದ್ದಿ ಹೇಳೀನಿ. ಅವತ್ತಿಂದ ಒಂದ ಸಮ ಕೇಳಾಕತ್ತಾರ, ಪೈಪ್ ಆತೇನು ಪೈಪ್ ಆತೇನು ಅಂತ. ಶನಿವಾರ ಕರ್ಕೊಂಡ್ ಬರ್ಲಾ?" ಅಂದಳು.

ಅಂಕಲ್ ಕೈಯಲ್ಲಿ ಒಂದು ಡಬ್ಬಿ ಹಿಡಿದುಕೊಂಡೇ ಬಂದರು. ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ಹತ್ತಿಯ ಟವೆಲ್‌ನಲ್ಲಿ ಸುತ್ತಿದ ಫ್ಲೇರ್ ಮಾಡುವ ಟೂಲು, ಒಂದು ಅರ, ಒಂದು ಭೂತಗನ್ನಡಿ. ಹುಬ್ಬಳ್ಳಿಯಿಂದ ಬರುವಾಗ ಇದನ್ನು ಬಿಟ್ಟು ಬರಲಾಗದೆ ಎರಡು ಕೆಜಿ ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಬಿಟ್ಟು ಬಂದರಂತೆ. (ರೇಖಾ ಇದನ್ನು ಇವತ್ತಿಗೂ ಕ್ಷಮಿಸಿಲ್ಲ.)

ಕಾರನ್ನು ನೋಡಿದರು. ಶ್ರೀಕಾಂತನ ಕೈ ಕುಲುಕಲಿಲ್ಲ. ಸೀದಾ ನನ್ನ ಕಡೆ ತಿರುಗಿ, "ಪೈಪ್ ಬಾಳ ಚಂದ ಹಾಕೀರಿ ಮೇಡಂ" ಅಂದರು. ಅವರು ನನ್ನನ್ನು ಮೇಡಂ ಅನ್ನುತ್ತಾರೆ. ಹೆಸರು ಹಿಡಿದು ಕರೀರಿ ಅಂಕಲ್ ಅಂತ ಹತ್ತು ಸಲ ಹೇಳಿದ್ದೇನೆ. ಆಗಲಿ ಮೇಡಂ ಅನ್ನುತ್ತಾರೆ.

ನನಗೆ ಎಷ್ಟು ಖುಷಿಯಾಯಿತು ಅಂದರೆ ಫಿಲ್ಟರ್ ಕಾಫಿ ಮಾಡಿದೆ. ಅಂಕಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆದರೂ ಲೋಟ ಅಲುಗುತ್ತಿತ್ತು. ಕಾಫಿ ಅಂಚಿನವರೆಗೆ ಬಂದು ಬಂದು ವಾಪಸು ಹೋಗುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಆಗ ಅವರು ಕೇಳಿದರು.

"ಒಂದ್ ಪೈಪ್ ನಾ ಮಾಡ್ಲೇನ್ರಿ?"

ಈಗ ನೀವೇ ಹೇಳಿ. ಮಗಳ ಮನೆಯಿಂದ ನಲವತ್ತು ನಿಮಿಷ ಕಾರಿನಲ್ಲಿ ಕೂತು, ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಬಂದವರಿಗೆ ಬೇಡ ಅನ್ನುವುದು ಹೇಗೆ? ಅಮೆರಿಕದವರು ಅಂದುಬಿಡುತ್ತಾರೆ. 'ಐ ಗಾಟ್ ದಿಸ್, ಥ್ಯಾಂಕ್ಯೂ' ಅಂತ ನಗುನಗುತ್ತಾ ಅನ್ನುತ್ತಾರೆ, ಎದುರಿನವರೂ ನಗುನಗುತ್ತಾ ಸರಿ ಅನ್ನುತ್ತಾರೆ. ನಮಗೆ ಆಗುತ್ತದೆಯೇ? ಇಪ್ಪತ್ತೈದು ವರ್ಷವಾಯಿತು ಈ ದೇಶಕ್ಕೆ ಬಂದು. ಗ್ರೀನ್ ಕಾರ್ಡ್ ಬಂತು, ಸಿಟಿಜನ್‌ಶಿಪ್ ಬಂತು, ದಾಕ್ಷಿಣ್ಯ ಹೋಗಲಿಲ್ಲ.

"ಮಾಡಿ ಅಂಕಲ್, ಅದಕ್ಕೇನಂತೆ" ಅಂದೆ.

ಎಡಗಡೆ ಹಿಂದಿನ ಚಕ್ರದ ಪೈಪು ಅವರಿಗೆ ಬಂತು. ನನ್ನ ಹ್ಯಾಂಗರ್ ತಂತಿಯ ಮಾದರಿಯನ್ನು ಕೊಟ್ಟೆ. ತಿರುಗಿಸಿ ನೋಡಿ ಬದಿಗಿಟ್ಟರು. ಬೆಂಚಿನ ಮುಂದೆ ಸ್ಟೂಲ್ ಹಾಕಿಕೊಂಡು, ಮೊಣಕೈಯನ್ನು ಬೆಂಚಿಗೆ ಒತ್ತಿಕೊಂಡು ಕೂತರು. ಪೈಪು ಕತ್ತರಿಸಿದರು. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿದರು. ಉಜ್ಜಿದರು. ಇನ್ನೂ ಉಜ್ಜಿದರು. ನಾನು ಅಷ್ಟರಲ್ಲಿ ಒಳಗೆ ಹೋಗಿ ಕುಕ್ಕರ್ ಇಟ್ಟು, ಮೂರು ವಿಶಲ್ ಆಗಿ, ಬಂದು ನೋಡಿದರೆ ಇನ್ನೂ ಉಜ್ಜುತ್ತಿದ್ದಾರೆ. ಪಾಪ, ವಯಸ್ಸಾಯಿತು ಅಂದುಕೊಂಡೆ.

ಕೊನೆಗೆ ಪೈಪು ಬಗ್ಗಿಸಿ ಕೈಗೆ ಕೊಟ್ಟರು. ನನ್ನ ಮಾದರಿಯ ಹಾಗೆ ನೇರವಾಗಿರಲಿಲ್ಲ. ನಡುವೆ ಒಂದು ಕಡೆ ಸುಮ್ಮನೆ ಸೊಟ್ಟಗೆ ಬಳುಕಿತ್ತು. ನಾನು ಹಾಕಿದ ಐದು ಪೈಪುಗಳು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿವೆ. ಅವುಗಳ ಪಕ್ಕ ಇದು ಹೇಗೆ ಕಾಣುತ್ತದೆ?

"ಎಷ್ಟು ಚೆನ್ನಾಗಿದೆ ಅಂಕಲ್!" ಅಂದೆ.

ಅವರ ಮುಖ ಅರಳಿತು. ಅದನ್ನು ನಾನು ಮರೆತಿಲ್ಲ. ಮರೆಯಲು ಆಗಿದ್ದರೆ ಚೆನ್ನಾಗಿತ್ತು.

ಮಂಡಿ ಬಗ್ಗದ ಕಾರಣ ಕಾರಿನ ಕೆಳಗೆ ಹೋಗಿ ಪೈಪು ಕೂರಿಸುವ ಕೆಲಸ ನನ್ನದು ಅಂತ ಮೊದಲೇ ಮಾತಾಗಿತ್ತು. ಅವರು ಊಟ ಮಾಡಿ, ಎರಡನೇ ಸಲ ಸಾರು ಹಾಕಿಸಿಕೊಂಡು, ಹೊರಟರು.

ಮಂಗಳವಾರ ನನಗೆ ವರ್ಕ್ ಫ್ರಮ್ ಹೋಮ್. ಎರಡು ಮೀಟಿಂಗ್‌ಗಳ ನಡುವೆ ಮುಕ್ಕಾಲು ಗಂಟೆ ಬಿಡುವಿತ್ತು. ಗರಾಜಿಗೆ ಹೋಗಿ, ಹೊಸ ಪೈಪು ಕತ್ತರಿಸಿ, ಫ್ಲೇರ್ ಮಾಡಿ, ಎಡಗಡೆ ಹಿಂದಿನ ಚಕ್ರಕ್ಕೆ ಕೂರಿಸಿದೆ. ಗೆರೆ ಎಳೆದ ಹಾಗೆ ಬಂತು. ಅಂಕಲ್ ಮಾಡಿದ್ದನ್ನು ಟೂಲ್ ಚೆಸ್ಟಿನ ಕೆಳಗಿನ ಡ್ರಾಯರ್‌ಗೆ ಹಾಕಿ, ಮೇಲೆ ಒಂದಷ್ಟು ಮರಳುಕಾಗದ ಹಾಕಿದೆ. ಒಂದು ಸಲ ಹಾಕಿ ಕೂಡ ನೋಡಲಿಲ್ಲ. ಶ್ರೀಕಾಂತನಿಗೂ ಹೇಳಲಿಲ್ಲ.

ಮೋಸ ಅನ್ನುತ್ತೀರಾ? ನನಗೆ ಆಗ ಹಾಗೆ ಅನ್ನಿಸಲೇ ಇಲ್ಲ. ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರಿಶಿನ ಕುಂಕುಮಕ್ಕೆ ಹೋದಾಗ ರವಿಕೆ ಕಣ ಕೊಡುತ್ತಾರಲ್ಲ? 'ಅಯ್ಯೋ, ಇದೆಲ್ಲ ಯಾಕ್ರೀ' ಅನ್ನುತ್ತೇವೆ. 'ಬಣ್ಣ ಎಷ್ಟು ಚೆನ್ನಾಗಿದೆ' ಅನ್ನುತ್ತೇವೆ. ಮನೆಗೆ ಬಂದು ಡ್ರಾಯರ್‌ಗೆ ಹಾಕುತ್ತೇವೆ. ಹೊಲಿಸುವುದಿಲ್ಲ. ಮುಂದಿನ ನವರಾತ್ರಿಗೆ ಅದು ಇನ್ನೊಬ್ಬರ ಮನೆಗೆ ಹೋಗುತ್ತದೆ. ನಾನು ಫ್ಲೋರಲ್ ಪಾರ್ಕ್‌ನಲ್ಲಿ ಒಬ್ಬರಿಗೆ ಕೊಟ್ಟ ಗಿಳಿಹಸಿರು ಕಣ ಮೂರು ವರ್ಷದ ನಂತರ ಬೇರೊಬ್ಬರ ಕೈಯಿಂದ ನನಗೇ ವಾಪಸು ಬಂತು. ಮೂಲೆಯಲ್ಲಿದ್ದ ಇಂಕಿನ ಚುಕ್ಕೆಯಿಂದ ಗುರುತು ಹಿಡಿದೆ. 'ಬಣ್ಣ ಎಷ್ಟು ಚೆನ್ನಾಗಿದೆ' ಅಂದೆ.

ಯಾರಿಗೂ ಬೇಜಾರಿಲ್ಲ. ಯಾಕೆ ಹೊಲಿಸಲಿಲ್ಲ ಅಂತ ಯಾರೂ ಯಾರನ್ನೂ ಕೇಳುವುದಿಲ್ಲ. ನಾನು ಅಂಕಲ್‌ನ ಪೈಪಿಗೆ ಮಾಡಿದ್ದೂ ಅದನ್ನೇ. ಒಂದೇ ವ್ಯತ್ಯಾಸ, ರವಿಕೆ ಕಣ ಸೋರುವುದಿಲ್ಲ.

ಎರಡು ವಾರದ ನಂತರ ಆ ಶನಿವಾರ ಬಂತು. ಬ್ರೇಕ್ ಆಯಿಲ್ ತುಂಬಿ, ಪೈಪಿನೊಳಗಿನ ಗಾಳಿ ತೆಗೆದು, ಮೊದಲ ಸಲ ಪೆಡಲ್ ಒತ್ತಿ ನೋಡುವ ದಿನ. ಅಂಕಲ್‌ಗೆ ವಿಶೇಷ ಆಹ್ವಾನ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. ಗರಾಜಿನ ಬಾಗಿಲ ಬಳಿ ಲಾನ್ ಚೇರ್ ಹಾಕಿ ಕೂರಿಸಿದೆ. ರೇಖಾ ಅವರನ್ನು ಇಳಿಸಿ ಎಡಿಸನ್‌ಗೆ ಗ್ರೋಸರಿಗೆ ಹೋದಳು.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಬಳಿ ನಿಪ್ಪಲ್ ಅನ್ನುವ ಸಣ್ಣ ತಿರುಪು ತಿರುಗಿಸಿ ಗಾಳಿ ಬಿಡಬೇಕು. ಶ್ರೀಕಾಂತ ಮೇಲೆ, ನಾನು ಕೆಳಗೆ.

"ಒತ್ತು."

"ಒತ್ತಿದೀನಿ."

"ಹಿಡ್ಕೋ."

"ಹಿಡ್ಕೊಂಡಿದೀನಿ."

"ಈಗ ಬಿಡು."

(ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಹೇಳಿದ್ದನ್ನು ಅವನು ಹೀಗೆ ಸಾಲಾಗಿ ಕೇಳಿದ್ದು ಅದೇ ಮೊದಲು.)

ಗಾಳಿಯೆಲ್ಲ ಹೋಯಿತು. ಪೆಡಲ್ ಗಟ್ಟಿಯಾಯಿತು. "ಈಗ ಪೂರ್ತಿ ಜೋರಾಗಿ ಒತ್ತಿ ಹಾಗೇ ಇರು" ಅಂದು ನಾನು ಹೊರಗೆ ಬಂದು ನಿಂತೆ. ಆಗ ಹನಿ ಬಿತ್ತು. ಎಡಗಡೆ ಹಿಂದಿನ ಚಕ್ರದ ಕೆಳಗೆ.

ಅಂಕಲ್ ಕೂತಲ್ಲಿಂದ ಪೈಪು ಕಾಣುವುದಿಲ್ಲ. ರಟ್ಟು ಕಾಣುತ್ತದೆ.

"ಅದು ನನ್ನ ಪೈಪಿಂದ ಐತ್ರಿ" ಅಂದರು. ಮೆಲ್ಲಗೆ.

ಶ್ರೀಕಾಂತ ಸೀಟಿನಲ್ಲಿ ಕೂತೇ ಕತ್ತು ಹೊರಳಿಸಿ, "ಅಯ್ಯೋ ಪರವಾಗಿಲ್ಲ ಅಂಕಲ್! ಒಂದೇ ಒಂದು ಹನಿ ತಾನೇ?" ಅಂದ. ಅವನದು ಒಳ್ಳೆಯ ಮನಸ್ಸು. ಆ ಕ್ಷಣಕ್ಕೆ ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿರಲಿಲ್ಲ.

ನಾನು ಹೇಳಬೇಕಿತ್ತು. 'ಅದು ನಿಮ್ಮದಲ್ಲ ಅಂಕಲ್.' ಎರಡು ಪದ, ಒಂದು ಸಂಬೋಧನೆ. ಆದರೆ ನಿಮ್ಮದಲ್ಲ ಅಂದರೆ, ನಂದು ಎಲ್ಲಿ ಅಂತ ಕೇಳುತ್ತಾರೆ. ಡ್ರಾಯರ್‌ನಲ್ಲಿ ಅನ್ನಬೇಕು. ಯಾಕೆ ಅಂತ ಕೇಳುತ್ತಾರೆ. ನಿಮ್ಮ ಕೈ ನಡುಗುತ್ತದಲ್ಲ, ಅದಕ್ಕೆ ಅನ್ನಬೇಕು. ಇಷ್ಟೆಲ್ಲ ಲೆಕ್ಕ ಹಾಕಿ ಮುಗಿಸುವ ಹೊತ್ತಿಗೆ ಅಂಕಲ್ ತಮ್ಮ ಬಲಗೈಯನ್ನು ಒಂದು ಸಲ ನೋಡಿಕೊಂಡು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡಾಗಿತ್ತು.

"ರೇಖಾಗ ಫೋನ್ ಮಾಡ್ರಿ ಮೇಡಂ. ಊಟಾ ಬ್ಯಾಡ. ಹಸಿವಿಲ್ಲ."

ಆ ಕೈ ರೇಖಾ ಬರುವವರೆಗೂ ಜೇಬಿನಿಂದ ಹೊರಗೆ ಬರಲಿಲ್ಲ.

ಬುಧವಾರ ಸಂಜೆ ರೇಖಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ.

"ಅಪ್ಪಾ ಇದನ್ನ ನಿನಗ ಕೊಡು ಅಂದ್ರು. ತಮಗ ಇನ್ನ ಬ್ಯಾಡಂತ."

ನಾನು ಡಬ್ಬಿ ತೆಗೆದುಕೊಂಡೆ. ಅವಳೇ ಮುಂದುವರಿಸಿದಳು. "ಇದೊಂದ ಅಲ್ಲ. ಅಡಿಗಿಮನಿ ನಲ್ಲಿ ಸೋರಾಕತ್ತೈತಿ. ಪ್ಲಂಬರ್‌ಗ ಫೋನ್ ಮಾಡು ಅಂದ್ರು. ನಮ್ಮಪ್ಪನ ಬಾಯಾಗ ಪ್ಲಂಬರ್ ಅನ್ನೋ ಹೆಸರು ನಾ ಇದ ಮೊದಲನೇ ಸಲ ಕೇಳಿದ್ದು. ನಂಗ ಹೆದ್ರಿಕಿ ಆಗಾಕತ್ತೈತಿ."

ನಾನು ಮಾಡಿದ ಹನಿಯೊಂದು ಒಬ್ಬ ಮನುಷ್ಯನನ್ನು ಎರಡನೇ ಸಲ ರಿಟೈರ್ ಮಾಡಿಸಿತ್ತು. ನಾಚಿಕೆಯಾಯಿತು. ಅಳುವೂ ಬಂತು. ರೇಖಾಳ ಮುಂದೆ ಅಳಲಿಲ್ಲ. ಅವಳಿಗೆ ಟೀ ಕೊಟ್ಟೆ.

ಅವಳು ಹೋದ ಮೇಲೆ ಶ್ರೀಕಾಂತನಿಗೆ ಎಲ್ಲ ಹೇಳಿದೆ. ಅವನು, "ನಿಜ ಹೇಳ್ಬೇಡ, ಇನ್ನೂ ಬೇಜಾರ್ ಮಾಡ್ಕೋತಾರೆ. ನಟ್ಟು ಲೂಸಿತ್ತು, ಪೈಪಿಂದೇನೂ ತಪ್ಪಿಲ್ಲ ಅಂದ್ಬಿಡು" ಅಂದ. ಎಷ್ಟು ಒಳ್ಳೆಯ ಐಡಿಯಾ! ಒಂದು ದಾಕ್ಷಿಣ್ಯ ಸೋರಿದರೆ ಅದರ ಮೇಲೆ ಇನ್ನೊಂದು ದಾಕ್ಷಿಣ್ಯ ಮೆತ್ತುವುದು. ತಕ್ಷಣ ಫೋನ್ ಮಾಡಿದೆ.

"ಅಂಕಲ್, ಗೊತ್ತಾಯ್ತು. ನಟ್ಟು ಸ್ವಲ್ಪ ಲೂಸಿತ್ತು ಅಷ್ಟೇ."



"ನಟ್ ಲೂಸಿದ್ರ ಹನಿ ಬೀಳಂಗಿಲ್ಲ ಮೇಡಂ. ಕಾರಂಜಿ ಹಾರ್ತೈತಿ" ಅಂದರು. "ಇರ್ಲಿ ಬಿಡ್ರಿ. ನೀವು ಒಳ್ಳೇರು."

ಫೋನ್ ಇಟ್ಟರು. ನನ್ನನ್ನು ಯಾರೂ ಇಷ್ಟು ಕೆಟ್ಟದಾಗಿ ಒಳ್ಳೆಯವಳು ಅಂದಿರಲಿಲ್ಲ.

ಶನಿವಾರ ಬೆಳಿಗ್ಗೆ ಡ್ರಾಯರ್ ತೆಗೆದು, ಮರಳುಕಾಗದ ಸರಿಸಿ, ಪೈಪನ್ನು ಹೊರಗೆ ತೆಗೆದೆ. ನಾನು ಮಾಡಿ ಹಾಕಿದ್ದನ್ನೂ ಬಿಚ್ಚಿ ಬೆಂಚಿನ ಮೇಲಿಟ್ಟೆ. ಅಂಕಲ್‌ನ ಪೈಪು ಹಿಡಿದುಕೊಂಡು ವೆಸ್ಟ್ ವಿಂಡ್ಸರ್‌ಗೆ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. 'ಅಂಕಲ್, ನೀವು ತಪ್ಪು ತಿಳ್ಕೋಬಾರದು.' ಬೇಡ. 'ಅಂಕಲ್, ನಿಮ್ಮದು ತುಂಬಾ ಚೆನ್ನಾಗಿತ್ತು, ಆದ್ರೆ.' ಬೇಡವೇ ಬೇಡ. ನಲವತ್ತು ನಿಮಿಷದಲ್ಲಿ ಒಂದು ವಾಕ್ಯವೂ ಸಿಗಲಿಲ್ಲ.

ಬೇಕಾಗಲೂ ಇಲ್ಲ. ಅಡುಗೆಮನೆಯ ನಲ್ಲಿ ಸಿಂಕಿನಲ್ಲಿಟ್ಟ ಬಟ್ಟಲಿಗೆ ಟಪ್ ಟಪ್ ಅನ್ನುತ್ತಿತ್ತು. ಅಂಕಲ್ ಡೈನಿಂಗ್ ಟೇಬಲ್ಲಿನ ಮುಂದೆ ಸುಮ್ಮನೆ ಕೂತಿದ್ದರು. ನಾನು ಪೈಪನ್ನು ಟೇಬಲ್ ಮೇಲಿಟ್ಟೆ. ಅವರು ಅದನ್ನು ಎತ್ತಿಕೊಂಡು, ತುದಿಯ ಮೇಲೆ ಹೆಬ್ಬೆರಳು ಆಡಿಸಿ, ಕಿಟಕಿಯ ಬೆಳಕಿಗೆ ಹಿಡಿದರು. ಇನ್ನೊಂದು ತುದಿಯನ್ನೂ ಹಾಗೇ ನೋಡಿದರು.

"ಇದು ನಂದು" ಅಂದರು. ಆಮೇಲೆ, "ಇದನ್ನ ಹಾಕೇ ಇಲ್ಲ ನೀವು. ನಟ್ ಬಿಗದ್ರ ಫ್ಲೇರಿನ ಮ್ಯಾಲೆ ಒತ್ತಿದ ಗುರ್ತು ಬೀಳತೈತಿ. ಇದರ ಮ್ಯಾಲೆ ಇಲ್ಲ."

ನಾನು ತಲೆ ತಗ್ಗಿಸಿದೆ. ರೇಖಾ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದಳು.

"ಸೋರಿದ್ದು ಯಾರ್ದು?"

"ನಂದು ಅಂಕಲ್."

"ನಂದನ್ನ ಟೆಸ್ಟ್ ಮಾಡಿ ತಗದ್ರೇನು?"

"ಇಲ್ಲ."

"ನೀವು ಆಫೀಸ್ನ್ಯಾಗ ಏನ್ ಕೆಲಸಾ ಮಾಡ್ತೀರಿ ಮೇಡಂ?"

ಅಂಕಲ್‌ಗೆ ಅದು ಚೆನ್ನಾಗಿ ಗೊತ್ತು. ಆದರೂ ಉತ್ತರಕ್ಕೆ ಕಾದರು.

"ಟೆಸ್ಟಿಂಗ್" ಅಂದೆ. ಇಪ್ಪತ್ತೆರಡು ವರ್ಷದಿಂದ ನನ್ನ ಸಂಬಳ ಬರುವುದು ಸಾಫ್ಟ್‌ವೇರ್ ಟೆಸ್ಟ್ ಮಾಡುವುದಕ್ಕೆ. 'ಟೆಸ್ಟ್ ಮಾಡದೆ ಏನನ್ನೂ ರಿಜೆಕ್ಟ್ ಮಾಡಬೇಡಿ' ಅಂತ ಹೊಸದಾಗಿ ಸೇರಿದವರಿಗೆ ಪಾಠ ಮಾಡುವವಳು ನಾನು. ಅದಕ್ಕೊಂದು ಸ್ಲೈಡ್ ಕೂಡ ಇದೆ.

ಅಂಕಲ್ ನಗಲಿಲ್ಲ. ಪೈಪನ್ನು ಟೇಬಲ್ ಮೇಲೆ ಇಟ್ಟರು.

"ಸೋರಿದ್ರ ಸೋರ್‍ತೈತಿ ಅನ್ರಿ. ನಾ ಇನ್ನೊಂದ್ ಮಾಡ್ತಿದ್ದೆ. ಡಿಪೋದಾಗ ನಂದೂ ಎಷ್ಟೋ ಸೋರ್‍ಯಾವು, ಬೈಸ್ಕೊಂಡೀನಿ, ಮತ್ತ ಮಾಡೀನಿ. ಹಿಂಗ ಮುಚ್ಚಿಟ್ರ ನಾ ಏನ್ ಮಾಡ್ಲಿ?" ಅಂದವರು ಮಗಳ ಕಡೆ ನೋಡದೆ ಹೇಳಿದರು. "ಈ ಮನ್ಯಾಗೂ ಹಂಗ. ಡಿಶ್‌ವಾಷರ್‌ನ್ಯಾಗ ನಾ ತಾಟು ಜೋಡಿಸಿ ಆ ಕಡೆ ಹೋಗೂದ ತಡ, ಎಲ್ಲಾ ತಗದು ಮತ್ತ ಬ್ಯಾರೆ ಥರಾ ಜೋಡಸ್ತಾರ. ನನಗ ಸಪ್ಪಳ ಕೇಳಸ್ತೈತಿ."

ರೇಖಾಳ ಸೌಟು ನಿಂತಿತು. ನಲ್ಲಿ ಮಾತ್ರ ತನ್ನ ಪಾಡಿಗೆ ಟಪ್ ಟಪ್ ಅನ್ನುತ್ತಿತ್ತು.

ಆ ಸಪ್ಪಳದ ಬಗ್ಗೆ ನಾನು ಈ ಮೂರು ವಾರದಿಂದ ಯೋಚಿಸುತ್ತಿದ್ದೇನೆ. ಅತ್ತೆ ಹೆಚ್ಚಿಟ್ಟ ಬೀನ್ಸನ್ನು ಅವರು ಹಾಲ್‌ಗೆ ಹೋದ ಮೇಲೆ ಇನ್ನೊಂದು ಸಲ ಸಣ್ಣಗೆ ಹೆಚ್ಚಿದವರು ನಮ್ಮಲ್ಲಿ ಎಷ್ಟು ಜನ? ಮಾವ ಮಡಿಸಿಟ್ಟ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಿಸಿದವರು? ಎದುರಿಗೆ 'ಎಷ್ಟು ಚೆನ್ನಾಗಿ ಮಾಡಿದೀರಿ', ಬೆನ್ನ ಹಿಂದೆ ಎರಡನೇ ಕೈ. ಅವರ ಮನಸ್ಸು ನೋಯಬಾರದು ಅನ್ನುತ್ತೇವೆ. ನಿಜ ಹೇಳಬೇಕೆಂದರೆ, ಎದುರಿಗೆ ನಿಂತು ಹೇಳುವ ಕಷ್ಟ ನಮಗೆ ಬೇಡ, ಅಷ್ಟೇ. ಕಳೆದ ವರ್ಷ ನನ್ನ ಹೊಸ ಮ್ಯಾನೇಜರ್ ನಾನು ಮುಗಿಸಿದ ಟೆಸ್ಟುಗಳನ್ನು ನನಗೆ ಹೇಳದೆ ಇನ್ನೊಬ್ಬರ ಕೈಯಲ್ಲಿ ಮತ್ತೆ ಮಾಡಿಸಿದಾಗ ನಾನು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅದನ್ನು ಇದೇ ಅಂಕಣದಲ್ಲಿ ಉರಿದುಕೊಂಡು ಬರೆದಿದ್ದೆ. ನೀವು ತುಂಬಾ ಜನ ಸಮಾಧಾನದ ಪತ್ರ ಹಾಕಿದ್ದಿರಿ. ದಯವಿಟ್ಟು ಅವನ್ನೆಲ್ಲ ವಾಪಸು ತೆಗೆದುಕೊಳ್ಳಿ.

ಅಂಕಲ್ ಎದ್ದರು. ಜಾಕೆಟ್ ಹಾಕಿಕೊಂಡರು. ಪೈಪನ್ನು ತಾವೇ ಕೈಗೆ ತೆಗೆದುಕೊಂಡರು.

"ನಡೀರಿ. ಹಾಕಿ ನೋಡೂಣು. ಸೋರಿದ್ರ ಸೋರ್‍ಲಿ."

ಬಾಗಿಲವರೆಗೆ ಹೋಗಿ ತಿರುಗಿ, "ರೇಖಾ, ಪ್ಲಂಬರ್‌ಗ ಬ್ಯಾಡಂತ ಹೇಳು" ಅಂದರು.

ಗರಾಜಿನಲ್ಲಿ ಮತ್ತೆ ಅದೇ ಮೂರು ಜನ. ಶ್ರೀಕಾಂತ ಸೀಟಿನಲ್ಲಿ, ನಾನು ಕೆಳಗೆ. ಈ ಸಲ ಅಂಕಲ್ ಲಾನ್ ಚೇರ್ ಒಲ್ಲೆ ಅಂದು, ಗಿಡಗಳ ಕೆಲಸ ಮಾಡುವಾಗ ನಾನು ಕೂರುವ ಗಿಡ್ಡ ಸ್ಟೂಲನ್ನು ಚಕ್ರದ ಪಕ್ಕಕ್ಕೆ ಎಳೆದುಕೊಂಡು, ಕಾಲು ಉದ್ದಕ್ಕೆ ಚಾಚಿ ಕೂತರು. ಕೈಯಲ್ಲಿ ಟಾರ್ಚು. ನಾನು ಪೈಪು ಕೂರಿಸಿದೆ. ಆ ಸೊಟ್ಟ ಬಳುಕು ಚಾಸಿಯ ಒಂದು ಮೂಲೆಯನ್ನು ಮುಟ್ಟದೆ ಸುತ್ತಿಕೊಂಡು ಹೋಯಿತು. ನನ್ನ ನೇರ ಪೈಪು ಅದೇ ಮೂಲೆಗೆ ತಾಗಿಕೊಂಡು ಹೋಗಿತ್ತು.

"ಗಾಡಿ ಓಡೂ ಮುಂದ ಅಲುಗಾಡ್ತೈತಿ. ಪೈಪಿಗೆ ಮಿಸುಕಾಡಾಕ ಜಾಗಾ ಬೇಕು" ಅಂದರು ಅಂಕಲ್. "ನಿಮ್ದು ಚಂದ ಐತಿ. ಆರ್ ತಿಂಗಳಿಗೆ ತಿಕ್ಕಿ ತೂತು ಬೀಳತೈತಿ."

ಹಾಗಾದರೆ ಮೊದಲ ದಿನ 'ಪೈಪ್ ಬಾಳ ಚಂದ ಹಾಕೀರಿ' ಅಂದಿದ್ದು? ಕೇಳಿಯೇಬಿಟ್ಟೆ.

ಅಂಕಲ್ ಟಾರ್ಚನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. "ಮೊದಲನೇ ಸಲ ಬಂದಿದ್ದೆ. ಕಾಫಿ ಬ್ಯಾರೆ ಕೊಟ್ರಿ. ಹೆಂಗ್ ಹೇಳ್ಲಿ?"

ಆಹಾ. ಎರಡೂ ಕಡೆ ಇತ್ತು ರೋಗ. ಅವರು ನನ್ನ ಪೈಪು ನೋಡಿ ದಾಕ್ಷಿಣ್ಯಕ್ಕೆ ಹೊಗಳಿದರು, ನಾನು ಅವರ ಪೈಪು ನೋಡಿ ದಾಕ್ಷಿಣ್ಯಕ್ಕೆ ಹೊಗಳಿದೆ. ಇಷ್ಟೊಂದು ಹೊಗಳಿಕೆಯ ಮೇಲೆ ನಾನು ಒಂದು ದಿನ ಹೈವೇಗೆ ಹೊರಡುವವಳಿದ್ದೆ.

ಗಾಳಿ ತೆಗೆದೆವು. ಒತ್ತು, ಹಿಡ್ಕೋ, ಬಿಡು. ಪೆಡಲ್ ಗಟ್ಟಿಯಾಯಿತು. ಶ್ರೀಕಾಂತ ಎರಡೂ ಕಾಲು ಕೊಟ್ಟು ಒತ್ತಿ ಹಿಡಿದ. ಅಂಕಲ್ ಟಾರ್ಚನ್ನು ಜಾಯಿಂಟಿನ ಮೇಲೆ ಬಿಟ್ಟರು. ಬೆಳಕು ನಡುಗುತ್ತಿತ್ತು. ನಾನು ಬೆಳಕನ್ನು ನೋಡಲಿಲ್ಲ, ಜಾಯಿಂಟನ್ನು ನೋಡಿದೆ. ಒಂದು ನಿಮಿಷ. ಎರಡು ನಿಮಿಷ. ಶ್ರೀಕಾಂತ "ಕಾಲು ನೋಯ್ತಿದೆ" ಅಂದ. ಐದು ನಿಮಿಷ.

ಬಿಳಿಯ ಟಿಶ್ಯೂ ಪೇಪರ್ ತೆಗೆದುಕೊಂಡು ಜಾಯಿಂಟಿನ ಸುತ್ತ ಒತ್ತಿ ನೋಡಿದೆ. ಒಣಗಿತ್ತು. ಎರಡನೇ ತುದಿ. ಅದೂ ಒಣ.

ಅಂಕಲ್ ಟಿಶ್ಯೂವನ್ನು ನನ್ನ ಕೈಯಿಂದ ತೆಗೆದುಕೊಂಡು, ಎರಡೂ ಕಡೆ ತಿರುಗಿಸಿ ನೋಡಿ, ಮಡಿಸಿ, ಶರ್ಟಿನ ಜೇಬಿಗೆ ಹಾಕಿಕೊಂಡರು.

ಬಿಸ್ಕತ್ತಿನ ಡಬ್ಬಿ ಬೆಂಚಿನ ಮೇಲೆಯೇ ಇತ್ತು. ಅದನ್ನು ತಂದು ಅವರ ತೊಡೆಯ ಮೇಲೆ ಇಟ್ಟೆ. "ಇದು ನನಗೆ ಬೇಡ ಅಂಕಲ್" ಅಂದೆ. ಅಷ್ಟು ನೇರವಾಗಿ ನಾನು ಹಿರಿಯರೊಬ್ಬರಿಗೆ ಬೇಡ ಅಂದಿದ್ದು ಅದೇ ಮೊದಲು. ಅವರು ಡಬ್ಬಿ ತೆಗೆದು ಭೂತಗನ್ನಡಿ ಹೊರಗೆ ತೆಗೆದರು.

"ಆ ಸೋರಿದ್ದನ್ನ ಕೊಡ್ರಿ ಇಲ್ಲೆ."

ಕೊಟ್ಟೆ. ಬಹಳ ಹೊತ್ತು ನೋಡಿದರು.

"ಅಂಚು ಸೀಳೈತಿ. ಫ್ಲೇರ್ ಮಾಡೂಕಿಂತ ಮೊದಲ ಎಷ್ಟೊತ್ತು ಉಜ್ಜಿದ್ರಿ?"

ಮೂರು ವಿಶಲ್ ಆದರೂ ಉಜ್ಜುತ್ತಲೇ ಇದ್ದ ಅವರ ಕೈ ಆಗ ನೆನಪಾಯಿತು.

"ಉಜ್ಜಲಿಲ್ಲ ಅಂಕಲ್. ಮೀಟಿಂಗ್ ಇತ್ತು."

ಭೂತಗನ್ನಡಿ ಇಳಿಸಿ ಕಾರಿನ ಉದ್ದಕ್ಕೂ ಒಂದು ಸಲ ಕಣ್ಣಾಡಿಸಿದರು. ಗೆರೆ ಎಳೆದ ಹಾಗೆ ಹೊಳೆಯುತ್ತಿದ್ದ ಐದು ಪೈಪುಗಳು.

"ಉಳಿದಾವೂ ಹಿಂಗ ಉಜ್ಜದ ಮಾಡಿದ್ದೇನು?"

"ಹೌದು ಅಂಕಲ್. ಎಲ್ಲ ಹಾಗೇ."

ಕಾಫಿ ತರಲಾ ಅಂತ ಕೇಳಲು ಬಾಯಿ ತೆಗೆಯುವುದರೊಳಗೆ ಅಂಕಲ್ ಅರವನ್ನು ನನ್ನ ಕೈಗಿಟ್ಟರು.

"ಹಂಗಾರ ಎಲ್ಲಾ ಪೈಪ್ ಬಿಚ್ಚು ತಂಗಿ."